ಫ್ರಿಜ್ ಮೇಲಿನ ಹಳೇ ಫೋನು: ಹೆಂಡತಿಗೆ ಗೊತ್ತಿಲ್ಲದೆ ರೆಕಾರ್ಡ್ ಮಾಡಿದ ಮಾತು ಡೈವೋರ್ಸ್ ಕೇಸಿನಲ್ಲಿ ನಡೆಯುತ್ತದಾ?

ಪಿಂಪಳೆ_ಧಾರವಾಡ
ಎಲ್ಲರಿಗೂ ನಮಸ್ಕಾರ. ಹೆಸರು ಹೇಳುವುದಿಲ್ಲ, ತಪ್ಪು ತಿಳಿಯಬೇಡಿ. ಊರು ಧಾರವಾಡ. 9 ವರ್ಷದಿಂದ ಪುಣೆಯಲ್ಲಿದ್ದೇನೆ, ಮನೆ ಪಿಂಪಳೆ ಸೌದಾಗರ್‌ನಲ್ಲಿ. ಶಿವಾಜಿನಗರದ ಫ್ಯಾಮಿಲಿ ಕೋರ್ಟಿನಲ್ಲಿ ನಮ್ಮ ಡೈವೋರ್ಸ್ ಕೇಸು ನಡೆಯುತ್ತಿದೆ. ನಾನೇ ಹಾಕಿದ್ದು, ಕ್ರೌರ್ಯದ ಕಾರಣ ಕೊಟ್ಟು. ಫ್ಲ್ಯಾಟ್ ಸಾಲ ಇಬ್ಬರ ಹೆಸರಲ್ಲೂ ಇದೆ. ಹಾಗಾಗಿ ಇನ್ನೂ ಒಂದೇ ಮನೆಯಲ್ಲಿದ್ದೇವೆ. ನಾನು ಹಾಲ್‌ನಲ್ಲಿ ಮಲಗುತ್ತೇನೆ, ಅವಳು ಮತ್ತು ಮಗಳು ಬೆಡ್‌ರೂಮಿನಲ್ಲಿ.

ಮೂರು ತಿಂಗಳಿಂದ ಒಂದು ಹಳೇ ಫೋನನ್ನು ಫ್ರಿಜ್ ಮೇಲೆ, ಅವಲಕ್ಕಿ ಡಬ್ಬಿ ಹಿಂದೆ ಇಟ್ಟಿದ್ದೇನೆ. ರೆಕಾರ್ಡಿಂಗ್ ಆನ್ ಮಾಡಿ ಆಫೀಸಿಗೆ ಹೋಗುತ್ತೇನೆ. ಸುಮಾರು 40 ಗಂಟೆ ಆಗಿದೆ. ಅದರಲ್ಲಿ ಮೂರು ತರ ಇದೆ. ನಮ್ಮಿಬ್ಬರ ಜಗಳ ಒಂದು. ನಾನಿಲ್ಲದಾಗ ಅವಳು ತನ್ನ ತಾಯಿ ಜೊತೆ ಫೋನಿನಲ್ಲಿ ಆಡಿದ ಮಾತು ಇನ್ನೊಂದು. ಒಂದು ದಿನ ಅವಳ ವಕೀಲರ ಜೊತೆ ಸ್ಪೀಕರ್ ಹಾಕಿ ಮಾತಾಡಿದ್ದೂ ಬಂದಿದೆ.

ಇದನ್ನು ಕೋರ್ಟಿಗೆ ಕೊಡಬಹುದಾ? ಕೊಟ್ಟರೆ ನನ್ನ ಮೇಲೇ ಕೇಸು ಬೀಳುತ್ತದಾ? ನಮ್ಮ ವಕೀಲರಿಗೆ ಇನ್ನೂ ಹೇಳಿಲ್ಲ. ಹೇಳೋಕೆ ಒಂಥರಾ ಆಗುತ್ತದೆ.

ವಾಶಿ_ಬ್ರಿಡ್ಜ್
ಚಿಂತೆ ಬಿಡಿ ಸರ್. ಗಂಡ ಹೆಂಡತಿ ಗುಟ್ಟಾಗಿ ರೆಕಾರ್ಡ್ ಮಾಡಬಹುದು ಅಂತ 2025ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಎಲ್ಲಾ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟುಬಿಡಿ. ಮುಗೀತು.

ಖರಾಡಿ_ರಾತ್ರಿಪಾಳಿ
ಮುಗಿಯುವುದು ಯಾರದ್ದು ಅನ್ನೋದೇ ಪ್ರಶ್ನೆ 🙂

ಬಾಂದ್ರಾ_ಕರಿಕೋಟು
ವಾಶಿಯವರೇ, ಸ್ವಲ್ಪ ತಾಳಿ. ನಾನು ಮುಂಬೈಯ ಬಿಕೆಸಿಯಲ್ಲಿರುವ ಫ್ಯಾಮಿಲಿ ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ಆ ತೀರ್ಪು ಬಂದ ದಿನದಿಂದ ವಾರಕ್ಕೆ ಇಬ್ಬರಾದರೂ ಪೆನ್‌ಡ್ರೈವ್ ಹಿಡಿದು ಬರುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ.

ಅದು ಪಂಜಾಬಿನ ಬಠಿಂಡಾದ ಒಂದು ದಂಪತಿಯ ಕೇಸು. ಮದುವೆ 2009ರಲ್ಲಿ. ಗಂಡ 2017ರಲ್ಲಿ ಡೈವೋರ್ಸ್ ಕೇಳಿದ. ಹೆಂಡತಿ ಜೊತೆ ತಾನು ಆಡಿದ ಫೋನ್ ಮಾತುಗಳ ರೆಕಾರ್ಡಿಂಗ್ ಅವನ ಹತ್ತಿರ ಇತ್ತು. ಸಿಡಿ, ಮೆಮೊರಿ ಚಿಪ್, ಬರೆದ ಪ್ರತಿ ಎಲ್ಲಾ ಕೊಟ್ಟ. ಫ್ಯಾಮಿಲಿ ಕೋರ್ಟ್ 2020ರಲ್ಲಿ ಒಪ್ಪಿತು. ಇದು ಹೆಂಡತಿಯ ಖಾಸಗಿತನಕ್ಕೆ ಧಕ್ಕೆ ಅಂತ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. 2025ರ ಜುಲೈ 14ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶ ರದ್ದು ಮಾಡಿತು. ಪೀಠದಲ್ಲಿ ಇದ್ದವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ಸತೀಶ್ ಚಂದ್ರ ಶರ್ಮಾ.

ಕಾರಣ ಏನು? ಗಂಡ ಹೆಂಡತಿ ನಡುವಿನ ಮಾತನ್ನು ಬಯಲು ಮಾಡುವಂತಿಲ್ಲ ಅಂತ ಹಳೇ ಸಾಕ್ಷ್ಯ ಕಾಯ್ದೆಯ 122ನೇ ಸೆಕ್ಷನ್ ಹೇಳುತ್ತಿತ್ತು. ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 128. ಆದರೆ ಅದೇ ಸೆಕ್ಷನ್ನಿನಲ್ಲಿ ಒಂದು ವಿನಾಯಿತಿ ಇದೆ. ಗಂಡ ಹೆಂಡತಿಯೇ ಪರಸ್ಪರ ಕೇಸು ಹಾಕಿಕೊಂಡಿದ್ದರೆ ಆ ರಕ್ಷಣೆ ಇಲ್ಲ. ಈ ನಿಯಮ ಇರುವುದು ಮದುವೆಯನ್ನು ಕಾಪಾಡಲು, ಒಬ್ಬರ ಖಾಸಗಿತನವನ್ನು ಇನ್ನೊಬ್ಬರಿಂದ ಕಾಪಾಡಲು ಅಲ್ಲ ಅಂತ ಕೋರ್ಟ್ ಹೇಳಿತು. ಒಬ್ಬರ ಮೇಲೊಬ್ಬರು ಕಣ್ಣಿಡುವ ಮಟ್ಟಕ್ಕೆ ಬಂದಿದ್ದಾರೆ ಅಂದರೆ ಆ ಮದುವೆ ಆಗಲೇ ಮುರಿದಿದೆ ಅನ್ನುವ ಅರ್ಥದ ಮಾತೂ ಅದರಲ್ಲಿದೆ.

ಅದಕ್ಕಿಂತ ಮುಂಚೆಯೂ ನಮ್ಮ ಮುಂಬೈಯದ್ದೇ ಒಂದು ದೊಡ್ಡ ತೀರ್ಪಿತ್ತು. ಬಾಂಬೆ ಕೊರೋನರ್, ಅಂದರೆ ಅನುಮಾನದ ಸಾವುಗಳ ವಿಚಾರಣೆ ಮಾಡುವ ಅಧಿಕಾರಿ, ಆಗಿದ್ದ ಮಲ್ಕಾನಿ ಮೇಲಿನ ಲಂಚದ ಕೇಸು. ಒಬ್ಬ ಡಾಕ್ಟರ್ ಒಪ್ಪಿಗೆ ಪಡೆದು ಅವರ ಫೋನಿನ ಮಾತನ್ನೇ ಪೊಲೀಸರು ಟೇಪ್ ಮಾಡಿದ್ದರು. ಆ ಟೇಪು ಸಾಕ್ಷಿಗೆ ನಡೆಯುತ್ತದೆ ಅಂತ 1972ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಎರಡೂ ಕೇಸಿನಲ್ಲಿ ಸಾಮಾನ್ಯ ಏನು ನೋಡಿ. ಮಾತಾಡುತ್ತಿದ್ದ ಇಬ್ಬರಲ್ಲಿ ಒಬ್ಬರಿಗೆ ರೆಕಾರ್ಡಿಂಗ್ ಗೊತ್ತಿತ್ತು.

ಈಗ ಪಿಂಪಳೆಯವರಿಗೆ. ನಿಮ್ಮ ಮೊದಲ ಕಂತು, ನಿಮ್ಮಿಬ್ಬರ ಜಗಳ, ಬಠಿಂಡಾ ಕೇಸಿಗೆ ಹತ್ತಿರ ಇದೆ. ಕೋರ್ಟ್ ಕೇಳಬಹುದು. ಎರಡನೆಯದು ಬೇರೆ. ಅಲ್ಲಿ ನೀವೇ ಇಲ್ಲ. ತಾಯಿ ಮಗಳ ಮಾತು ಗಂಡ ಹೆಂಡತಿ ನಡುವಿನ ಮಾತಲ್ಲ. ಹೆಂಡತಿ ತನ್ನ ತಂದೆ ತಾಯಿ, ಗೆಳತಿಯರ ಜೊತೆ ಆಡಿದ ಮಾತನ್ನು ಗಂಡ ಕದ್ದು ರೆಕಾರ್ಡ್ ಮಾಡಿದ್ದು ಕಾನೂನುಬಾಹಿರ ಅಂತ ಆಂಧ್ರ ಹೈಕೋರ್ಟ್ ಹಿಂದೆ ಹೇಳಿತ್ತು. ಹೊಸ ತೀರ್ಪಿನ ಮುಂದೆ ಅದು ಎಷ್ಟು ನಿಲ್ಲುತ್ತದೆ ಅಂತ ವಾದ ನಡೆಯುತ್ತದೆ. ಆ ವಾದ ನಿಮ್ಮ ಖರ್ಚಿನಲ್ಲಿ ನಡೆಯಬೇಕಾ, ಯೋಚಿಸಿ.

ಮೂರನೆಯದನ್ನು ಮುಟ್ಟಲೇಬೇಡಿ. ಕಕ್ಷಿದಾರರು ಮತ್ತು ವಕೀಲರ ನಡುವಿನ ಮಾತಿಗೆ ಬೇರೆಯೇ ರಕ್ಷಣೆ ಇದೆ. ಅದನ್ನು ತಂದು ಜಡ್ಜ್ ಮುಂದೆ ಇಟ್ಟರೆ ನಿಮ್ಮ ಉಳಿದ ಸಾಕ್ಷಿಯನ್ನೂ ಅವರು ಅನುಮಾನದಿಂದ ನೋಡುತ್ತಾರೆ.

ವಾಶಿ_ಬ್ರಿಡ್ಜ್
ಅಂದ್ರೆ ನಾನು ಹೇಳಿದ್ದು ಅರ್ಧ ಸರಿ ಅಲ್ವಾ?

ಬಾಂದ್ರಾ_ಕರಿಕೋಟು
ಕಾಲು ಭಾಗ 🙂 ಆ ತೀರ್ಪು ಉತ್ತರ ಕೊಟ್ಟಿದ್ದು, ಇದನ್ನು ಸಾಕ್ಷಿಯಾಗಿ ನೋಡಬಹುದಾ ಅನ್ನುವ ಪ್ರಶ್ನೆಗೆ. ಹೇಗೆ ರೆಕಾರ್ಡ್ ಮಾಡಿದರೂ ಪರವಾಗಿಲ್ಲ ಅಂತ ಅದರಲ್ಲಿ ಎಲ್ಲೂ ಇಲ್ಲ.

ಹೆಂಡತಿಯ ಫೋನಿಗೆ ಕದ್ದು ಒಂದು ಆ್ಯಪ್ ಹಾಕಿದಿರಿ ಅಂದುಕೊಳ್ಳಿ. ಅದು ಐಟಿ ಕಾಯ್ದೆಯ 43 ಮತ್ತು 66ರ ಕೆಳಗೆ ಬರುತ್ತದೆ. ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಹೆಣ್ಣುಮಗಳ ಇಮೇಲ್, ಇಂಟರ್ನೆಟ್, ಮೆಸೇಜುಗಳ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ (ಹಳೇ ಐಪಿಸಿ ಜಾಗಕ್ಕೆ ಬಂದದ್ದು) 78ರಲ್ಲಿ ಹಿಂಬಾಲಿಸುವ ಅಪರಾಧಕ್ಕೆ ಸೇರಿದೆ. ಬೆಡ್‌ರೂಮ್, ಬಾತ್‌ರೂಮಿನಲ್ಲಿ ಕ್ಯಾಮೆರಾ ಇಟ್ಟರೆ 77ನೇ ಸೆಕ್ಷನ್, ಅದರ ಜೊತೆ ಐಟಿ ಕಾಯ್ದೆಯ 66ಇ. ಗಂಡ ಅನ್ನುವ ಕಾರಣಕ್ಕೆ ಮಾಫಿ ಅಂತ ಇವುಗಳಲ್ಲಿ ಎಲ್ಲೂ ಬರೆದಿಲ್ಲ.

ಫ್ರಿಜ್ ಮೇಲೆ ಫೋನಿಟ್ಟು ಅಡುಗೆಮನೆಯ ಸದ್ದು ಹಿಡಿಯುವುದಕ್ಕೆ ಅಂತಲೇ ಹೆಸರಿಟ್ಟ ಸೆಕ್ಷನ್ ಇಲ್ಲ. ಆದರೆ ಎದುರು ವಕೀಲರು ಸುಮ್ನೆ ಕೂರುತ್ತಾರಾ? ಮೂರು ತಿಂಗಳು ಮನೆಯೊಳಗೆ ಬೇಹುಗಾರಿಕೆ, ಇದೇ ಮಾನಸಿಕ ಕ್ರೌರ್ಯ ಅಂತ ನಿಮ್ಮ ಮೇಲೆ ತಿರುಗಿಸುತ್ತಾರೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಡೊಂಬಿವಲಿ_ಲೇಡೀಸ್_ಸ್ಪೆಷಲ್
ನಾನು ಇಲ್ಲಿ ಓದುವವಳು ಮಾತ್ರ. ಇವತ್ತು ಬರೆಯಬೇಕು ಅನಿಸಿತು. ಆ ಫೋನ್ ಇಟ್ಟಿದ್ದು ನನ್ನ ಮನೆಯಲ್ಲೂ. ನಾನು ಆ ಕಡೆಯವಳು.

ನಮ್ಮನೆಯಲ್ಲಿ ಅದು ಫ್ರಿಜ್ ಮೇಲೆ ಇರಲಿಲ್ಲ. ದೇವರ ಗೂಡಿನ ಹಿಂದೆ ಇತ್ತು. ನನಗೆ ಗೊತ್ತಾಗಿದ್ದು ಕೋರ್ಟಿನಲ್ಲಿ, ಗಂಡನ ಅಫಿಡವಿಟ್ ಪ್ರತಿ ಕೈಗೆ ಬಂದಾಗ. ನನ್ನ ಅಕ್ಕನ ಜೊತೆ ಆಡಿದ ಮಾತು 30 ಪುಟ ಟೈಪ್ ಮಾಡಿಸಿದ್ದರು. ನನಗೆ ಒಂದು ಸಲ ಗರ್ಭ ನಿಂತಿರಲಿಲ್ಲ. ಅದನ್ನು ಅಕ್ಕನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅದೂ ಇತ್ತು. ನಾನು ಅತ್ತಿದ್ದ ಜಾಗದಲ್ಲಿ ಬ್ರಾಕೆಟ್ ಹಾಕಿ 'ಅಳು' ಅಂತ ಟೈಪ್ ಮಾಡಿದ್ದರು. ಮುಂದಿನ ಪುಟದಲ್ಲಿ ಮತ್ತೆ, 'ಅಳು, 2 ನಿಮಿಷ'.

ಆಮೇಲೆ ಎಷ್ಟೋ ತಿಂಗಳು ನಾನು ಮನೆಯೊಳಗೆ ಫೋನಿನಲ್ಲಿ ಮಾತಾಡಲಿಲ್ಲ. ಬಾಡಿಗೆ ಮನೆಗೆ ಬಂದ ಮೇಲೂ. ಅಕ್ಕನಿಗೆ ಫೋನ್ ಮಾಡುವುದು ಲೋಕಲ್ ಟ್ರೇನಿನಿಂದ. ಅಷ್ಟು ಜನರ ನಡುವೆ ನನಗೆ ಧೈರ್ಯ ಜಾಸ್ತಿ ಇರುತ್ತಿತ್ತು.

ಒಂದು ಮಾತು ಹೇಳಬೇಕು. ಆ 30 ಪುಟದಿಂದ ಅವರಿಗೆ ಏನೂ ಸಿಗಲಿಲ್ಲ. ಒಂದು ಕ್ಲಿಪ್ಪಿನ ಕೊನೆಯಲ್ಲಿ ಅವರು ಮನೆಗೆ ಬಂದು ನನಗೆ ಬೈದಿದ್ದೂ ರೆಕಾರ್ಡ್ ಆಗಿತ್ತು. ಫೋನ್ ಆಫ್ ಮಾಡಲು ಮರೆತಿದ್ದರು. ನಮ್ಮ ವಕೀಲರು ಅದನ್ನೇ ಹಿಡಿದರು.

ವಾಶಿ_ಬ್ರಿಡ್ಜ್
ಬೇಜಾರಾಯ್ತು ಅಕ್ಕ. ಆದ್ರೂ ಕೇಳ್ತೀನಿ. ಹೆಂಗಸರು ರೆಕಾರ್ಡ್ ಮಾಡಿದ್ರೆ ಸಾಕ್ಷಿ, ಗಂಡಸರು ಮಾಡಿದ್ರೆ ಬೇಹುಗಾರಿಕೆ. ಇದು ಸರೀನಾ?

ಡೊಂಬಿವಲಿ_ಲೇಡೀಸ್_ಸ್ಪೆಷಲ್
ನಾನೂ ರೆಕಾರ್ಡ್ ಮಾಡಿದ್ದೇನೆ ತಮ್ಮಾ. ಅವರು ಬೆಲ್ಟ್ ತೆಗೆದು ಎದುರು ನಿಂತಾಗ ಕೈಯಲ್ಲಿದ್ದ ಫೋನ್ ಆನ್ ಮಾಡಿದೆ. 6 ನಿಮಿಷ. ಅವರು ನನಗೆ ಹೇಳುತ್ತಿದ್ದ ಮಾತನ್ನು ನಾನು ಹಿಡಿದೆ. ನಾನಿಲ್ಲದಾಗ ಅವರು ತಮ್ಮ ಅಮ್ಮನ ಹತ್ತಿರ ಏನು ಹೇಳಿದರು ಅಂತ ಹಿಡಿಯಲು ಹೋಗಲಿಲ್ಲ. ಗಂಡಸು ಹೆಂಗಸು ಅನ್ನೋದು ಅಲ್ಲ ವ್ಯತ್ಯಾಸ.

ವಾಶಿ_ಬ್ರಿಡ್ಜ್
ಒಪ್ಪಿದೆ.

ವಾಸ್ಕೊ_ವಾಸಿ
ನಮ್ಮದು ಗೋವಾದಲ್ಲಿ ರಿಜಿಸ್ಟರ್ ಆದ ಮದುವೆ. ಇಲ್ಲಿ ಪೋರ್ಚುಗೀಸ್ ಕಾಲದ ಕಾನೂನು ಅಲ್ವಾ. ಇದೆಲ್ಲಾ ನಮಗೂ ಅನ್ವಯಿಸುತ್ತದಾ?

ಬಾಂದ್ರಾ_ಕರಿಕೋಟು
ಮದುವೆ, ಆಸ್ತಿ ಹಂಚಿಕೆಯ ಕಾನೂನು ನಿಮಗೆ ಬೇರೆ. ಸಾಕ್ಷ್ಯದ ಕಾನೂನು ಇಡೀ ದೇಶಕ್ಕೆ ಒಂದೇ. ಐಟಿ ಕಾಯ್ದೆಯೂ ಅಷ್ಟೇ.

ಖರಾಡಿ_ರಾತ್ರಿಪಾಳಿ
ನನ್ನ ಕೆಲಸ ಸರ್ವರ್ ಲಾಗ್ ನೋಡುವುದು, ಕಾನೂನು ಗೊತ್ತಿಲ್ಲ. ಆದರೆ ಫೈಲ್ ಬಗ್ಗೆ ಹೇಳಬಲ್ಲೆ. ನಮ್ಮ ಕಸಿನ್ ಕೇಸಿನಲ್ಲಿ ಅದೇ ಕಾರಣಕ್ಕೆ ಎರಡು ತಾರೀಖು ಹಾಳಾಯಿತು.

ಅವನು ಆಡಿಯೋವನ್ನು ವಾಟ್ಸಾಪಿನಲ್ಲಿ ತನಗೇ ಕಳಿಸಿಕೊಂಡು, ಅಲ್ಲಿಂದ ಇಳಿಸಿ, ಬೇಡದ ಭಾಗ ಕತ್ತರಿಸಿ ಪೆನ್‌ಡ್ರೈವ್‌ಗೆ ಹಾಕಿದ್ದ. ಹೆಸರನ್ನೂ 'ಜಗಳ ಫೈನಲ್ 2' ಅಂತ ಬದಲಿಸಿದ್ದ. ಮೂಲ ಫೈಲ್ ಕೇಳಿದರೆ ಫೋನ್ ಮಾರಿಬಿಟ್ಟಿದ್ದ. ಕತ್ತರಿಸಿದ ಫೈಲಿನ ಹ್ಯಾಶ್ ಮೂಲದ್ದಕ್ಕೆ ಹೊಂದುವುದಿಲ್ಲ. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಅಂದುಕೊಳ್ಳಿ. ಒಂದು ಸೆಕೆಂಡ್ ಕತ್ತರಿಸಿದರೂ ಬದಲಾಗುತ್ತದೆ.

ಹಳೇ ಫೋನ್ ಅಂದಿರಿ. ಸಿಮ್ ಇದೆಯಾ? ಬ್ಯಾಟರಿ ಪೂರ್ತಿ ಇಳಿದು ಮತ್ತೆ ಆನ್ ಆದರೆ ಕೆಲವು ಫೋನಿನಲ್ಲಿ ತಾರೀಖು ಎಲ್ಲೆಲ್ಲೋ ಹೋಗಿರುತ್ತದೆ. ಒಮ್ಮೆ ನೋಡಿಕೊಳ್ಳಿ. ನೋಡಿ, ಸರಿ ಮಾಡಲು ಹೋಗಬೇಡಿ.

ಬಾಂದ್ರಾ_ಕರಿಕೋಟು
ಇವರು ಹೇಳಿದ್ದು ಬಂಗಾರದಂಥ ಮಾತು. ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ಸಾಕ್ಷಿಗೆ ಸರ್ಟಿಫಿಕೇಟ್ ಬೇಕು. ಅದರಲ್ಲಿ ಎರಡು ಭಾಗ. ಒಂದಕ್ಕೆ ನೀವು ಸಹಿ ಹಾಕಬೇಕು, ಇನ್ನೊಂದಕ್ಕೆ ಪರಿಣತರು. ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಮೊದಲು ಇದೇ ವಿಷಯ ಹಳೇ ಸಾಕ್ಷ್ಯ ಕಾಯ್ದೆಯಲ್ಲಿ 65ಬಿ ಸೆಕ್ಷನ್ ಅಂತ ಇತ್ತು. ಅದರ ಗೊಂದಲ ಬಗೆಹರಿಸಿದ 2020ರ ತೀರ್ಪು ಬಂದಿದ್ದೂ ಮಹಾರಾಷ್ಟ್ರದ ಜಾಲ್ನಾ ಚುನಾವಣೆ ತಕರಾರಿನಲ್ಲೇ, ಖೋತ್ಕರ್ ಕೇಸು.

ಫ್ಯಾಮಿಲಿ ಕೋರ್ಟ್ ಕಾಯ್ದೆಯ 14ನೇ ಸೆಕ್ಷನ್ ಜಡ್ಜ್‌ಗೆ ಸಡಿಲ ಕೊಟ್ಟಿದೆ. ವಿವಾದ ಬಗೆಹರಿಸಲು ನೆರವಾಗುವ ಯಾವ ಸಾಕ್ಷಿಯನ್ನಾದರೂ ಅವರು ನೋಡಬಹುದು. ಅದನ್ನು ನಂಬಿ ಸರ್ಟಿಫಿಕೇಟ್ ಬಿಡಬೇಡಿ. ದನಿ ಯಾರದ್ದು ಅಂತ ಗುರುತಾಗಬೇಕು, ಕೈಯಾಡಿಸಿಲ್ಲ ಅಂತ ಗೊತ್ತಾಗಬೇಕು, ಮಾತು ಕೇಸಿಗೆ ಸಂಬಂಧಪಟ್ಟಿರಬೇಕು. ಈ ಮೂರು ತಪ್ಪುವುದಿಲ್ಲ.

ಮಾಟುಂಗಾ_ಟೈಪಿಸ್ಟ್
ಇಷ್ಟು ಹೊತ್ತಾದರೂ ಯಾರೂ ಒಂದು ವಿಷಯ ಎತ್ತಲಿಲ್ಲ ನೋಡಿ. ನಿಮ್ಮ ಜಗಳ ಯಾವ ಭಾಷೆಯಲ್ಲಿದೆ?

ನನಗೆ 71 ವರ್ಷ. ಕನ್ನಡ, ತುಳು ಮಾತುಗಳನ್ನು ಕೋರ್ಟಿಗಾಗಿ ಇಂಗ್ಲಿಷಿಗೆ ಮಾಡಿಕೊಡುವುದು ನನ್ನ ಕೆಲಸ. ವಕೀಲರು ಕಳಿಸುತ್ತಾರೆ, ನಾನು ಕೇಳಿ ಕೇಳಿ ಬರೆಯುತ್ತೇನೆ. ಮೊದಲು ಕ್ಯಾಸೆಟ್ ಬರುತ್ತಿತ್ತು. ಈಗ ಪೆನ್‌ಡ್ರೈವ್.

ಜಗಳದ ಕನ್ನಡವನ್ನು ಇಂಗ್ಲಿಷಿಗೆ ಮಾಡುವುದು ಕಷ್ಟ ಮಾರಾಯ್ರೆ. ಹಿಂದೊಮ್ಮೆ ಒಂದು ಕೇಸು ಬಂತು. ಇಬ್ಬರೂ ಉತ್ತರ ಕರ್ನಾಟಕದವರು. ಹೆಂಡತಿ ಗಂಡನಿಗೆ "ನಿನ್ನ ಹೆಣ ಎತ್ತಲಿ" ಅಂದಿದ್ದಾಳೆ. ಆ ಕಡೆ ಅಜ್ಜಿಯರು ಮೊಮ್ಮಕ್ಕಳಿಗೆ ಮುದ್ದಿನಿಂದಲೂ ಹಾಗೆ ಅನ್ನುತ್ತಾರೆ. ಗಂಡನ ಕಡೆಯವರು ಬೇರೆ ಯಾರಿಂದಲೋ ಮಾಡಿಸಿದ ಅನುವಾದದಲ್ಲಿ ಅದು ಕೊಲೆ ಬೆದರಿಕೆಯೇ ಆಗಿಬಿಟ್ಟಿತ್ತು. ಜಡ್ಜ್ ಮರಾಠಿಯವರು. ಅವರಿಗೆ ಕಾಣುವುದು ಕಾಗದದ ಮೇಲಿನ ಇಂಗ್ಲಿಷ್ ಮಾತ್ರ.

ಅದಕ್ಕಿಂತ ಅಪಾಯದ್ದು ಇನ್ನೊಂದು ವಾಕ್ಯ. "ಇದೇ ಮನೇಲಿ ಬಿದ್ದು ಸಾಯ್ಬೇಕು ನಾನು." ದಿನಕ್ಕೆ ನಾಲ್ಕು ಸಲ ಹೇಳುವ ಹೆಂಗಸರನ್ನು ನಾನು ನೋಡಿದ್ದೇನೆ. ಗ್ಯಾಸ್ ಖಾಲಿಯಾದರೂ ಹೇಳುತ್ತಾರೆ. ಅದರ ಅರ್ಥ, ಎಲ್ಲಾ ಕೆಲಸ ನನ್ನ ತಲೆ ಮೇಲೇ ಅಂತ. ಅದನ್ನು ಸಾಯುತ್ತೇನೆ ಅಂತ ಹೆದರಿಸಿದಳು ಎಂದು ಬರೆದರೆ? ಹೆಂಡತಿ ಪದೇ ಪದೇ ಆತ್ಮಹತ್ಯೆಯ ಬೆದರಿಕೆ ಹಾಕುವುದು ಕ್ರೌರ್ಯ ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೂ ಕರ್ನಾಟಕದಿಂದ ಹೋದ ಕೇಸು. ಹಾಗಾಗಿ ಇಂಥ ಒಂದು ಸಾಲಿನ ಅನುವಾದದ ಮೇಲೆ ಒಂದು ಮದುವೆ ನಿಂತಿರುತ್ತದೆ. ನಾನು ಅಂಥ ಕಡೆ ಅಡಿಯಲ್ಲಿ ಟಿಪ್ಪಣಿ ಹಾಕುತ್ತೇನೆ, ಇದು ಆಡುಮಾತು ಅಂತ. ಹಾಕಬೇಡಿ ಅಂದ ವಕೀಲರೂ ಇದ್ದಾರೆ. ಆ ಕೆಲಸ ವಾಪಸ್ ಕೊಟ್ಟಿದ್ದೇನೆ.

40 ಗಂಟೆ ಅಂದಿರಿ. ಒಂದು ಗಂಟೆಯ ಜಗಳ ಬರೆಯಲು ನನಗೆ ಎರಡು ದಿನ ಬೇಕು. ಇಬ್ಬರೂ ಒಟ್ಟಿಗೆ ಕೂಗುತ್ತಾರೆ, ಹಿಂದೆ ಮಿಕ್ಸಿ ಬೇರೆ.

ಪಿಂಪಳೆ_ಧಾರವಾಡ
ಸರ್, ನೀವು ಹೇಳಿದ ಎರಡನೇ ವಾಕ್ಯ ಇದೆ. ಹೆಚ್ಚು ಕಡಿಮೆ ಹಾಗೇ ಇದೆ. ನಾನು ಅದನ್ನೇ ದೊಡ್ಡ ಸಾಕ್ಷಿ ಅಂದುಕೊಂಡಿದ್ದೆ. ನಮ್ಮವ್ವನೂ ಹಾಗೇ ಹೇಳುತ್ತಿದ್ದಳು ಅನ್ನುವುದು ಈಗ ನೆನಪಾಯಿತು.

ನವಿಮುಂಬೈ_ನಿದ್ದೆಗೇಡಿ
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಹಾಲ್‌ನಲ್ಲಿ ಸಿಸಿಟಿವಿ ಇದ್ದರೆ? ಮಗು ನೋಡಿಕೊಳ್ಳುವ ಕೆಲಸದವಳಿಗಾಗಿ ಹಾಕಿಸಿದ್ದು, ಇಬ್ಬರಿಗೂ ಗೊತ್ತು.

ಬಾಂದ್ರಾ_ಕರಿಕೋಟು
ಇಬ್ಬರಿಗೂ ಗೊತ್ತಿದ್ದರೆ ಅದು ಗುಟ್ಟಲ್ಲ. ಫೂಟೇಜ್ ಅಳಿಸಿಹೋಗುವ ಮುಂಚೆ ಹಾರ್ಡ್‌ಡಿಸ್ಕ್ ತೆಗೆದಿಡಿ.

ಎಲ್ಲರಿಗೂ ಇನ್ನೊಂದು ಮಾತು. ಯಾವ ಕ್ಲಿಪ್ಪನ್ನೂ ನೆಂಟರ ಗ್ರೂಪಿಗೆ ಹಾಕಬೇಡಿ. ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಕಲಾಪವನ್ನು ಪ್ರಕಟಿಸುವಂತಿಲ್ಲ. ದಂಡ 1,000 ರೂಪಾಯಿ ಮಾತ್ರ, ನಗು ಬರುವಷ್ಟು ಕಡಿಮೆ. ಆದರೆ ಕ್ಲಿಪ್ ಹರಡಿದವರ ಮೇಲೆ ಜಡ್ಜ್‌ಗೆ ಬರುವ ಅಭಿಪ್ರಾಯಕ್ಕೆ ಬೆಲೆ ಕಟ್ಟೋಕಾಗಲ್ಲ.

ಖರಾಡಿ_ರಾತ್ರಿಪಾಳಿ
ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಒಂಬತ್ತು ಜಡ್ಜ್‌ಗಳ ತೀರ್ಪು ಬರಲು ಕಾರಣರಾದ ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನಲ್ಲಿ ಜಡ್ಜ್ ಆಗಿದ್ದವರು. ಈಗ ಗಂಡ ಹೆಂಡತಿ ನಡುವೆ ಅದಕ್ಕೆ ಗೆರೆ ಎಳೆದ ಪೀಠದಲ್ಲೂ ಕನ್ನಡದವರೇ. ಸುಮ್ನೆ ಹೇಳಿದೆ.

ಪಿಂಪಳೆ_ಧಾರವಾಡ
ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಕೇಳಿದವರಿಗೆಲ್ಲಾ ಥ್ಯಾಂಕ್ಸ್.

ವಕೀಲರಿಗೆ ಹೇಳಿದೆ. ಅವರು ಬೈದರು. ಆಮೇಲೆ, ಅತ್ತೆ ಜೊತೆಗಿನ ಮಾತು ಮತ್ತು ವಕೀಲರ ಮಾತು ಇರುವ ಫೈಲ್ ನಾನೂ ಕೇಳುವುದಿಲ್ಲ, ನೀವೂ ಇನ್ನೊಮ್ಮೆ ಕೇಳಬೇಡಿ ಅಂದರು. ಅಳಿಸಿಬಿಡಲಾ ಅಂತ ಕೇಳಿದೆ. ಕೇಸು ನಡೆಯುವಾಗ ಏನನ್ನೂ ಅಳಿಸಬೇಡಿ, ಫೋನ್ ಆಫ್ ಮಾಡಿ ಕವರಿನಲ್ಲಿ ಹಾಕಿ ಸೀಲ್ ಮಾಡಿ ಇಡಿ ಅಂದರು. ನಮ್ಮಿಬ್ಬರ ಜಗಳ ಮಾತ್ರ ಕೂತು ಕೇಳಿದೆವು. ಕೆಲಸಕ್ಕೆ ಬರುವಂಥದ್ದು 11 ನಿಮಿಷ ಸಿಕ್ಕಿತು. ಅದರಲ್ಲಿ 4 ನಿಮಿಷ ನಾನೇ ಕೂಗುತ್ತಿದ್ದೇನೆ.

ಇನ್ನೊಂದು ಆಯಿತು. ಎರಡನೇ ವಾರದ ಒಂದು ಫೈಲ್. ಕುರ್ಚಿ ಎಳೆದ ಸದ್ದು ಬರುತ್ತದೆ. ಆಮೇಲೆ ಮಗಳ ದನಿ, ಮೈಕಿಗೆ ತೀರಾ ಹತ್ತಿರ. "ಅಮ್ಮಾ, ಪಪ್ಪಂದು ಹಳೇ ಫೋನು ಇಲ್ಲೆ ಅದ." ದೂರದಿಂದ ಹೆಂಡತಿ ಹೇಳುತ್ತಾಳೆ, "ಗೊತ್ತದ. ಮುಟ್ಟಬ್ಯಾಡ. ಇಳಿ ಕೆಳಗ."

ಅಂದರೆ ಎರಡೂವರೆ ತಿಂಗಳಿಂದ ಅವಳಿಗೆ ಗೊತ್ತಿತ್ತು.

ಡೊಂಬಿವಲಿ_ಲೇಡೀಸ್_ಸ್ಪೆಷಲ್
ಅಯ್ಯೋ ದೇವರೇ. ಮಗುವಿಗೆ ಎಷ್ಟು ವರ್ಷ?

ಪಿಂಪಳೆ_ಧಾರವಾಡ
6.

ಬಾಂದ್ರಾ_ಕರಿಕೋಟು
ಕಾನೂನಿನ ಲೆಕ್ಕದಲ್ಲಿ ಇದು ಎರಡೂ ಕಡೆ ಕೊಯ್ಯುತ್ತದೆ. ಅವರಿಗೆ ಗೊತ್ತಿತ್ತು ಅಂದರೆ ಗುಟ್ಟಾಗಿ ಮಾಡಿದ್ದು ಅನ್ನುವ ವಾದ ಸಡಿಲ ಆಗುತ್ತದೆ. ಆದರೆ ಆಮೇಲಿನ ಪ್ರತಿ ಮಾತನ್ನೂ ಅವರು ಕೋರ್ಟ್ ಕೇಳುತ್ತಿದೆ ಅಂತಲೇ ಆಡಿರಬಹುದು. ನೀವು ಮಾತ್ರ ಹಾಗೆ ಆಡಿಲ್ಲ. ವಕೀಲರ ಜೊತೆ ಸ್ಪೀಕರ್ ಹಾಕಿ ಮಾತಾಡಿದ್ದು ಯಾವ ತಾರೀಖು?

ಪಿಂಪಳೆ_ಧಾರವಾಡ
ಹೋದ ತಿಂಗಳು.

ಖರಾಡಿ_ರಾತ್ರಿಪಾಳಿ
ಅತ್ತಿಗೆಗೆ ನಮಸ್ಕಾರ 🙏

ಪಿಂಪಳೆ_ಧಾರವಾಡ
ಹೂಂ, ನಗಿ. ನಾನೂ ನಕ್ಕೆ, ಆಮೇಲೆ. ಆ 11 ನಿಮಿಷವನ್ನೂ ಈಗಲೇ ಕೊಡುತ್ತಿಲ್ಲ. ಜಡ್ಜ್ ನಮ್ಮನ್ನು ಮೀಡಿಯೇಷನ್‌ಗೆ, ಮಧ್ಯಸ್ಥರ ಮುಂದೆ ರಾಜಿ ಮಾತಿಗೆ, ಕಳಿಸಿದ್ದಾರೆ. ಮೊದಲ ತಾರೀಖು ಮುಂದಿನ ಗುರುವಾರ. ಫೋನ್ ಒಳಗೆ ಒಯ್ಯಬಹುದಾ?

ಬಾಂದ್ರಾ_ಕರಿಕೋಟು
ಒಯ್ದರೂ ಆಫ್ ಮಾಡಿಡಿ. ಅಲ್ಲಿನ ಮಾತನ್ನು ಯಾರೂ ರೆಕಾರ್ಡ್ ಮಾಡುವಂತಿಲ್ಲ. ನೀವೂ ಇಲ್ಲ, ಅವರೂ ಇಲ್ಲ, ಮಧ್ಯಸ್ಥರೂ ಇಲ್ಲ. ಅಲ್ಲಿ ಆಡಿದ್ದನ್ನು ಆಮೇಲೆ ಕೋರ್ಟಿನಲ್ಲಿ ಸಾಕ್ಷಿ ಅಂತ ಹೇಳುವಂತೆಯೂ ಇಲ್ಲ.

ಮಾಟುಂಗಾ_ಟೈಪಿಸ್ಟ್
ಕನ್ನಡ ಬರುವ ಮಧ್ಯಸ್ಥರು ಇದ್ದಾರಾ ಅಂತ ಒಮ್ಮೆ ಕೇಳಿ ನೋಡಿ. ಸಿಕ್ಕರೆ ಸಿಕ್ಕರು.